ಗೇಣುದ್ದ ಲಾರಿಗೆ ಸಿಟ್ಟಿನ ಬಲೆ

ಹೂವಿನಹಡಗಲಿಯ ಬಸ್ ನಿಲ್ದಾಣದ ಎದುರು ಜೋಗಪ್ಪನ ಚಹಾದಂಗಡಿ. ಅಲ್ಲಿ ಹವಾಲ್ದಾರ ಹುಲುಗಪ್ಪನಷ್ಟು ಯುದ್ಧದ ಕಥೆ ಹೇಳಿದವರೂ ಇಲ್ಲ, ಅವನಷ್ಟು ನಗೆಪಾಟಲಾದವರೂ ಇಲ್ಲ. ತಪ್ಪು ಅವನದಲ್ಲ ಬಿಡಿ, ಸೈನ್ಯದಲ್ಲಿ ಅವನಿಗೆ ಸಿಕ್ಕ ಕೆಲಸದ್ದು. ಗುಂಡು ಹಾರಿಸಿದವನಿಗೆ ಗುಂಡಿನ ಕಥೆ ಇರುತ್ತದೆ. ಗಾಯವಾದವನು ಅಂಗಿ ಎತ್ತಿ ತೋರಿಸಿದರೆ ಮುಗಿಯಿತು. ಹುಲುಗಪ್ಪ ಲಾರಿ ಓಡಿಸಿದವನು. ಕತ್ತಲಲ್ಲಿ ಸಾಮಾನು ಸಾಗಿಸುವುದು, ಬೆಳಗಾಗುವುದರೊಳಗೆ ಗಿಡದ ಪಕ್ಕ ಲಾರಿ ನಿಲ್ಲಿಸಿ ಅದರ ಮೇಲೆ ಚಿಂದಿ ಕಟ್ಟಿದ ದೊಡ್ಡ ಬಲೆ ಹೊದಿಸುವುದು, ಮೇಲೆ ಹಾರುವ ವಿಮಾನದವನಿಗೆ ಅದು ಬರೀ ಪೊದೆಯಾಗಿ ಕಾಣಬೇಕು. ಎಪ್ಪತ್ತೊಂದರ ಯುದ್ಧ ಪೂರ್ತಿ ಅವನು ಮಾಡಿದ್ದು ಇದನ್ನೇ.

"ಅಲ್ಲಲೇ ಹುಲುಗ್ಯಾ, ಯುದ್ಧದಾಗ ನೀ ಎಷ್ಟು ಮಂದಿನ ಹೊಡದಿ?" ಎಂದು ಜೋಗಪ್ಪ ಹಾಲು ಎತ್ತಿ ಹೊಯ್ಯುತ್ತಾ ಕೇಳುತ್ತಿದ್ದ. ಇಬ್ಬರೂ ಚಡ್ಡಿ ಹಾಕುವ ಕಾಲದಿಂದ ಗೆಳೆಯರು.

"ಒಬ್ಬರನ್ನೂ ಇಲ್ಲ."

"ಮತ್ತ ನಿನ್ನ ಎಷ್ಟು ಮಂದಿ ಹೊಡದ್ರು?"

"ಹೊಡಿಯಾಕ ನಾ ಕಾಣಬೇಕಲ್ಲ!"

ಅಷ್ಟಕ್ಕೇ ಅಂಗಡಿ ಹೋ ಎನ್ನುತ್ತಿತ್ತು. 'ಕಾಣದ ಹವಾಲ್ದಾರ' ಎಂದು ಹೆಸರೂ ಬಿತ್ತು. ಹುಲುಗಪ್ಪನಿಗೆ ಉರಿದುಹೋಗುತ್ತಿತ್ತು. "ಲೇ, ನಮ್ಮ ಮೇಜರ್ ಸಾಹೇಬರು ಗುಡ್ಡ ಹತ್ತಿ ದುರ್ಬೀನು ಹಿಡಿದು ನೋಡ್ತಿದ್ರು. ಎಲ್ಲಾರ ಲಾರಿ ಸಿಕ್ಕು ಬೈಸಿಕೋತಿದ್ರು. ನನ್ನ ಲಾರಿ ಒಂದು ದಿನಾನೂ ಸಿಕ್ಕಿಲ್ಲ, ಗೊತ್ತೈತೇನು?" ಎಂದು ಅವನು ಮೇಜು ಕುಟ್ಟಿದರೆ, ಯಾರೋ ಮೂಲೆಯಿಂದ, "ಪಾಪ, ಸಾಹೇಬ್ರಿಗೆ ಕಣ್ಣು ಮಂಜಾಗಿದ್ವೋ ಏನೋ" ಎನ್ನುತ್ತಿದ್ದರು.

ಎಪ್ಪತ್ತೊಂಬತ್ತರ ಆಗಸ್ಟ್ ಹದಿನೈದಕ್ಕೆ ಊರಲ್ಲಿ ವಸ್ತುಪ್ರದರ್ಶನವೆಂದೂ, ಅದಕ್ಕೆ ನಿವೃತ್ತ ಮೇಜರ್ ಒಬ್ಬರನ್ನು ಕರೆದಿದ್ದಾರೆಂದೂ ಸುದ್ದಿ ಬಂತು. ಹೆಸರು ಕೇಳಿದರೆ ಅದೇ ದುರ್ಬೀನಿನ ಸಾಹೇಬರು! ಹುಲುಗಪ್ಪ ಕೂತಲ್ಲಿಂದ ಎದ್ದೇ ನಿಂತ. ತನ್ನ ಲಾರಿಯದೇ ಪಡಿಯಚ್ಚು ಗೇಣುದ್ದ ಮಾಡಿ, ಅದರ ಮೇಲೆ ಗೇಣುದ್ದದ ಬಲೆಯನ್ನೇ ಹೊದಿಸಿ, ಮಣ್ಣು ಗಿಡಗಳ ನಡುವೆ ಇಡುತ್ತೇನೆ, ಹತ್ತು ಹೆಜ್ಜೆ ದೂರದಿಂದ ಸಾಹೇಬರು ಅದನ್ನು ಕಂಡುಹಿಡಿಯಲಿ ನೋಡೋಣ ಎಂದ.

"ಕಂಡುಹಿಡದ್ರ?" ಎಂದ ಜೋಗಪ್ಪ.

"ಹಿಡದ್ರ ಈ ಜನ್ಮದಾಗ ನಿನ್ನ ಅಂಗಡ್ಯಾಗ ಯುದ್ಧದ ಸುದ್ದಿ ಎತ್ತಂಗಿಲ್ಲ. ಹಿಡೀಲಿಲ್ಲಂದ್ರ ನಾ ಹೇಳಿದ್ದೆಲ್ಲ ನೀವು ಕೈ ಕಟ್ಟಿಕೊಂಡು ಕೇಳಬೇಕು. ನಡುವ ಒಬ್ಬನೂ ನಗಂಗಿಲ್ಲ."

ಹೀಗೆ ಮಾತಾಯಿತು. ಹುಲುಗಪ್ಪನಿಗೆ ಅದು ಆಟದ ಮಾತಾಗಿರಲಿಲ್ಲ. ಹೊಲವಿಲ್ಲ, ಎತ್ತಿಲ್ಲ, ಮಕ್ಕಳಿಲ್ಲ. ಇದ್ದದ್ದೆಲ್ಲ ಆ ಕಥೆಗಳೇ. ಅವೂ ಹೋದರೆ ಮುಂಜಾನೆ ಎದ್ದು ಎಲ್ಲಿಗೆ ಹೋಗುವುದು?

ಲಾರಿಯೇನೋ ಸಲೀಸಾಗಿ ಆಯಿತು. ಹಾಲವಾಣದ ಮೆತ್ತನೆಯ ಕಟ್ಟಿಗೆ ಕೆತ್ತಿ ಮೈ ಮಾಡಿದ. ಹೆಂಡತಿ ದ್ಯಾಮಕ್ಕನ ಹವಾಯಿ ಚಪ್ಪಲಿ ಕತ್ತರಿಸಿ ಗಾಲಿ ಮಾಡಿದ. ಹಳೆಯದು ಎಂದುಕೊಂಡು ಕತ್ತರಿಸಿದ್ದು ಹೊಸದಾಗಿತ್ತು ಎಂಬುದು ಬೇರೆ ಮಾತು. ಆಸ್ಪತ್ರೆಯ ಕಂಪೌಂಡರನಿಗೆ ಸಲಾಮು ಹೊಡೆದು ಗಾಯಕ್ಕೆ ಸುತ್ತುವ ಜಾಳು ಬಟ್ಟೆ ತಂದ. ಅದರ ಸಣ್ಣ ಸಣ್ಣ ಕಣ್ಣುಗಳು ಬಲೆಯ ಕಣ್ಣುಗಳಿಗೆ ಸರಿಹೋದವು. ಅದನ್ನು ಕುದಿಸಿ ಕಂದು ಮಾಡಲು ಚಹಾಪುಡಿಯ ಚರಟ ಬೇಕಾಗಿ ಜೋಗಪ್ಪನ ಮುಂದೆಯೇ ಕೈ ಒಡ್ಡಬೇಕಾಯಿತು. "ಶತ್ರು ಕಡಿಂದ ಮದ್ದುಗುಂಡು ಕೇಳಾಕ ಬಂದೀಯಲ್ಲೋ" ಎನ್ನುತ್ತಲೇ ಜೋಗಪ್ಪ ಒಂದು ಡಬ್ಬಿ ತುಂಬಿಸಿಕೊಟ್ಟ.

ಇನ್ನು ಉಳಿದದ್ದು ಬಲೆಯ ಕಣ್ಣುಕಣ್ಣಿಗೆ ಚಿಂದಿ ಕಟ್ಟುವುದು. ದ್ಯಾಮಕ್ಕನ ಬುಟ್ಟಿಯ ಬಾಳೆನಾರನ್ನು ಕೂದಲಿನಷ್ಟು ತೆಳ್ಳಗೆ ಸೀಳಿ, ಕೆಲವಕ್ಕೆ ಹಸಿರು ಬಣ್ಣ, ಕೆಲವಕ್ಕೆ ಮಸಿ ಬಳಿದ. ಕಟ್ಟಲು ಕೂತರೆ ಸ್ಟೇರಿಂಗು ತಿರುವಿ ತಿರುವಿ ಬದನೆಕಾಯಿಯ ಹಾಗಾಗಿದ್ದ ಬೆರಳುಗಳಿಗೆ ಒಂದು ಗಂಟೂ ಬೀಳಲಿಲ್ಲ. ಸಂಜೆಯವರೆಗೆ ಬೈದುಕೊಂಡು ಕೂತು, ಕೊನೆಗೆ ಹೆಂಡತಿಯ ಕಡೆ ನೋಡಿದ.

ದ್ಯಾಮಕ್ಕ ಎಂದರೆ ಹಡಗಲಿಯಲ್ಲಿ ಹೂ ಕಟ್ಟುವವರ ಪೈಕಿ ಒಂದು ಕೈ ಮೇಲೆ. ಕಾಲಿನ ಹೆಬ್ಬೆರಳಿಗೆ ನಾರು ಸಿಕ್ಕಿಸಿ ಕೂತಳೆಂದರೆ ಪಕ್ಕದ ಮನೆಯವಳ ಜೊತೆ ಊರ ಸುದ್ದಿ ಮಾತಾಡುತ್ತಲೇ ಮೊಳಗಟ್ಟಲೆ ಮಲ್ಲಿಗೆ ಇಳಿಯುತ್ತಿತ್ತು. ಎಲ್ಲಿ ಅಳೆದರೂ ಒಂದೇ ಅಂತರ, ಒಂದೇ ಬಿಗಿ. ಗಂಡ ಕೇಳಿದ್ದೇ ತಡ, ಬಲೆಯನ್ನು ತೊಡೆಯ ಮೇಲೆ ಹಾಕಿಕೊಂಡಳು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಬೆರಳಗಲದಷ್ಟು ಕಟ್ಟಿ ತೋರಿಸಿದಳು.

ಹುಲುಗಪ್ಪ ತಲೆ ಹಿಡಿದುಕೊಂಡ. ಚಿಂದಿಗಳು ಸಾಲಾಗಿ, ಸಮನಾಗಿ, ಮದುಮಗನ ಬಾಸಿಂಗದ ಹಾಗೆ ನಿಂತಿದ್ದವು.

"ಚೆಂದ ಆಗಬಾರ್ದು ದ್ಯಾಮಿ! ಗಿಡದಾಗ ಎಲಿ ಸಾಲು ಹಿಡದು ನಿಂತಿರ್ತಾವೇನು? ಅಡ್ಡಾದಿಡ್ಡಿ ಕಟ್ಟು. ನಡುವ ದಟ್ಟ, ಅಂಚಿಗೆ ತೆಳ್ಳಗ."

"ನಮ್ಮವ್ವ ನನಗ ಅಡ್ಡಾದಿಡ್ಡಿ ಕಟ್ಟಾಕ ಕಲಿಸಿಲ್ರಿ" ಎಂದಳು ದ್ಯಾಮಕ್ಕ. ಆದರೂ ಪ್ರಯತ್ನಪಟ್ಟಳು. ಎರಡು ಹತ್ತಿರ ಒಂದು ದೂರ, ಎರಡು ಹತ್ತಿರ ಒಂದು ದೂರ. ಅದೂ ಒಂದು ಮಾಲೆಯೇ ಆಯಿತು! ಕಣ್ಣು ಮುಚ್ಚಿ ಕಟ್ಟು ಎಂದ. ಮುಚ್ಚಿ ಕಟ್ಟಿದಳು, ಇನ್ನೂ ಅಚ್ಚುಕಟ್ಟಾಯಿತು. "ಕೆಟ್ಟದಾಗಿ ಕಟ್ಟಬೇಕಂದ್ರ ನಾ ಇನ್ನೊಂದು ಜನ್ಮ ಎತ್ತಿ ಬರಬೇಕ್ರಿ" ಎಂದು ಅವಳೇ ಬೇಸರಪಟ್ಟಳು.

ಹುಲುಗಪ್ಪನಿಗೆ ರೇಗಿತು. ರೇಗಿದಾಗ ಗಂಡಸರು ಏನು ಮಾಡುತ್ತಾರೆ? ಹೆಂಡತಿಯ ತವರಿಗೆ ಹೋಗುತ್ತಾರೆ, ಮಾತಿನಲ್ಲಿ. "ನಿಮ್ಮ ವಂಶಾನ ಹಿಂಗ. ಒಂದು ಹೇಳಿದ್ರ ಒಂದು ಮಾಡೋರು. ನಿನ್ನ ತಮ್ಮ ಕರಿಸಿದ್ದಪ್ಪ ನನ್ನ ರೇಡಿಯೋ ರಿಪೇರಿ ಮಾಡಿಸಿಕೊಡ್ತೀನಿ ಅಂತ ಕೊಟ್ಟೂರಿಗೆ ಒಯ್ದು ಎಷ್ಟು ದಿನ ಆತು? ಅಲ್ಲಿ ಮದುವಿ ಮದುವಿಗೆ ಬಾಡಿಗಿ ಕೊಡ್ತಾನಂತ!"

"ನನ್ನ ತಮ್ಮನ ಸುದ್ದಿಗೆ ಬರಬ್ಯಾಡ್ರಿ."

"ಬಂದ್ರ?"

"ಬಂದ್ರ? ನೀ ಮಿಲಿಟ್ರ್ಯಾಗ ಕುಂತಾಗ ಈ ಮನಿ ಮ್ಯಾಲಿನ ಹೆಂಚು ಹೊದಿಸಿದವನು ಯಾರು? ನಿಮ್ಮವ್ವನ ಆಸ್ಪತ್ರಿಗೆ ಹೊತ್ತುಕೊಂಡು ಹೋದವನು ಯಾರು? ಒಂದು ರೇಡಿಯೋ! ಗೊರ ಗೊರ ಅನ್ನೋದು ಬಿಟ್ರ ಆ ರೇಡಿಯೋ ಏನು ಮಾತಾಡ್ತಿತ್ತು?"

ಬೈಯುತ್ತಿದ್ದರೂ ಅವಳ ಕೈ ನಿಂತಿರಲಿಲ್ಲ. ಹೂ ಕಟ್ಟುವವರ ಕೈ ಯಾವುದಕ್ಕೂ ನಿಲ್ಲುವುದಿಲ್ಲ. ಆದರೆ ಹೇಗೆ ಓಡುತ್ತಿತ್ತೆಂದು ಹುಲುಗಪ್ಪ ನೋಡಿದ. ಒಂದು ಗಂಟು ಇಲ್ಲಿ, ಮೂರು ಅಲ್ಲಿ, ಒಂದು ಕಡೆ ಗುಪ್ಪೆ, ಇನ್ನೊಂದು ಕಡೆ ಖಾಲಿ. ಬಲೆ ಎತ್ತಿ ಬೆಳಕಿಗೆ ಹಿಡಿದ. ಥೇಟ್ ಪಂಜಾಬಿನ ಗಡಿಯ ಪೊದೆ!

ಅವನು ಆ ಹೊತ್ತು ಏನೂ ಹೇಳಲಿಲ್ಲ. ಹೇಳಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ದ್ಯಾಮಕ್ಕನ ಮಾತಿನ ಕೊನೆಯ 'ರಿ' ಉದುರಿ 'ನೀ' ಶುರುವಾಯಿತೆಂದರೆ ಸಿಟ್ಟು ಹದಕ್ಕೆ ಬಂದಿದೆ ಎಂಬುದನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಂಡ.

ಮರುದಿನದಿಂದ ಮಧ್ಯಾಹ್ನದ ಊಟವಾಗಿ, ದ್ಯಾಮಕ್ಕ ಬಲೆ ಹಿಡಿದು ಕೂತ ಕೂಡಲೇ ಹುಲುಗಪ್ಪ ಜಗಳ ತೆಗೆಯತೊಡಗಿದ. ಬೆಳಿಗ್ಗೆ ಹಲ್ಲುಜ್ಜುವಾಗಲೇ ಇವತ್ತು ಯಾವ ದಿಕ್ಕಿನಿಂದ ದಾಳಿ ಎಂದು ಯೋಚಿಸಿಟ್ಟುಕೊಳ್ಳುತ್ತಿದ್ದ. ಸಾರಿನ ಉಪ್ಪಿನ ಮೇಲೆ ಒಂದು ದಿನ. ಅವಳ ಅವ್ವ ಹುಲುಗಮ್ಮನ ಗೊರಕೆ ಕೊಟ್ಟೂರಿನ ರೈಲಿನ ಸದ್ದನ್ನೂ ಮುಚ್ಚುತ್ತದೆ ಎಂದು ಇನ್ನೊಂದು ದಿನ, ಆ ದಿನ ಲಾರಿಯ ಹಿಂಭಾಗ ಪೂರ್ತಿ ಮುಗಿಯಿತು. ಚಪ್ಪಲಿ ಕತ್ತರಿಸಿದ್ದು ತಾನೇ ಆದರೂ, ಅಂಥ ತೆಳು ಚಪ್ಪಲಿ ಕೊಂಡದ್ದು ಅವಳ ತಪ್ಪು ಎಂದು ವಾದಿಸಿದ ದಿನ ಎರಡೂ ಬದಿ ಒಟ್ಟಿಗೆ ಆದವು. ಅಷ್ಟು ಬೈಗಳ ತಿಂದು ಅಷ್ಟು ಖುಷಿಯಾಗಿ ಮಲಗಿದ ಗಂಡಸನ್ನು ಆ ಓಣಿ ಹಿಂದೆ ಕಂಡಿರಲಿಲ್ಲ.

ಮುಂದಿನ ಮೂತಿಯ ಮೇಲೆ ಅಂಗೈಯಷ್ಟು ಜಾಗ ಮಾತ್ರ ಉಳಿದಿತ್ತು. ಪ್ರದರ್ಶನಕ್ಕೆ ಒಂದೇ ದಿನ. ಅವತ್ತು ಪಕ್ಕದ ಮನೆಯ ಮೈಲಮ್ಮ ಹೂ ತಗೊಂಡು ಹೋಗಲು ಬಂದವಳು ಬಾಗಿಲಲ್ಲಿ ನಿಂತು ಹೇಳಿದಳು. "ದ್ಯಾಮಕ್ಕಾ, ಇವತ್ತು ಜಗಳ ಇನ್ನೂ ಶುರು ಆಗಿಲ್ಲೇನು? ನಮ್ಮನ್ಯಾಗ ಗಡಿಯಾರ ಇಲ್ಲವ್ವಾ, ನಿಮ್ಮ ಜಗಳ ಕೇಳೇ ನಾ ಎಮ್ಮಿ ಹಿಂಡಾಕ ಕುಂದರತೀನಿ."

ದ್ಯಾಮಕ್ಕ ನಕ್ಕು ಕಳಿಸಿದಳು. ಆಮೇಲೆ ನಗು ನಿಂತಿತು. ದಿನಾ ಅದೇ ಹೊತ್ತಿಗೆ. ದಿನಾ ಬಲೆ ಹಿಡಿದ ಮೇಲೆಯೇ. ತಾನು ಬೈಯುವಾಗ ಗಂಡನ ಕಣ್ಣು ತನ್ನ ಮುಖದ ಮೇಲಲ್ಲ, ಕೈಯ ಮೇಲಿರುತ್ತದೆ. ಬುಟ್ಟಿ ಸರಿಸಿ ಬಲೆ ಬಿಡಿಸಿ ನೋಡಿದಳು. ಮೂವತ್ತು ವರ್ಷ ಹೂ ಕಟ್ಟಿದವಳಿಗೆ ಯಾವ ಗಂಟು ಯಾವ ಬೈಗಳದ್ದು ಎಂದು ತಿಳಿಯದೇ ಇರುತ್ತದೆಯೇ? ಇದು ತಮ್ಮನದು. ಇದು ಅವ್ವನ ಗೊರಕೆಯದು. ಎಲಾ ಇವನ!

ಹುಲುಗಪ್ಪ ಊಟ ಮುಗಿಸಿ, ಮೀಸೆ ಒರೆಸಿಕೊಂಡು ಬಂದು ಕೂತ. ದ್ಯಾಮಕ್ಕ ಬಲೆ ಹಿಡಿದು ದೇವರ ಫೋಟೋದ ಹಾಗೆ ಪ್ರಸನ್ನವಾಗಿದ್ದಳು.

"ಇವತ್ತು ಸಾರು ಕುಡದ್ರ ಕುದುರಿ ಸಾಯ್ತಿತ್ತು."

"ನಾಳಿಗೆ ಸುಧಾರಿಸಿ ಮಾಡ್ತೀನ್ರಿ."

"ನಿನ್ನ ತಮ್ಮ ರೇಡಿಯೋ ನುಂಗಿಬಿಟ್ಟ."

"ಹೌದ್ರಿ, ಅವಂದು ತಪ್ಪೈತಿ."

"ನಿಮ್ಮವ್ವನ ಗೊರಕಿ..."

"ಪಾಪ, ಹೊಡೀತಾಳ್ರಿ. ನನಗೂ ನಿದ್ದಿ ಬರಂಗಿಲ್ಲ." ಹೀಗೆಂದು ಇನ್ನೊಂದು ಗಂಟು ಹಾಕಿದಳು. ಮುತ್ತು ಪೋಣಿಸಿದ ಹಾಗೆ ಬಿತ್ತು.

ಹುಲುಗಪ್ಪ ತನ್ನಲ್ಲಿದ್ದ ಮದ್ದನ್ನೆಲ್ಲ ಖರ್ಚು ಮಾಡಿದ. ಅವಳ ಅಡುಗೆ, ನಡಿಗೆ, ಸೋದರಮಾವ, ಹರಪನಹಳ್ಳಿಯ ಚಿಕ್ಕಮ್ಮ, ಯಾರನ್ನೂ ಬಿಡಲಿಲ್ಲ. ಎಲ್ಲಕ್ಕೂ "ಹೌದ್ರಿ". ಸಾಲಿನ ಮೇಲೆ ಸಾಲು, ಸಮ ಸಮ, ಅಂಗೈ ಜಾಗದಲ್ಲಿ ಅರ್ಧ ತುಂಬಿತು. ಕೊನೆಗೆ ಅವನಿಗೇ ನಿಜವಾದ ಸಿಟ್ಟು ಬಂತು.

"ಬಿಚ್ಚು ಅದನ್ನ! ನಾಳಿ ಸಾಹೇಬ್ರು ಬರ್ತಾರ. ಆ ಮೂಲಿ ಕಾಣ್ತೈತಿ."

"ಕಂಡ್ರ ಏನಾತ್ರಿ? ಎಷ್ಟು ಚೆಂದ ಕಾಣ್ತೈತಿ."

"ಚೆಂದ ಕಂಡ್ರ ಸಾಯ್ತಾರ ದ್ಯಾಮಿ!"

ಆ ದನಿ ಜಗಳದ್ದಾಗಿರಲಿಲ್ಲ. ದ್ಯಾಮಕ್ಕ ತಲೆ ಎತ್ತಿದಳು. ಹುಲುಗಪ್ಪ ಗೋಡೆಗೆ ಒರಗಿ ಕೂತುಬಿಟ್ಟಿದ್ದ.

"ಕೂಡ್ಲಿಗಿ ಓಬಳೇಶ ನೆನಪದಾನೇನು?" ಎಂದ.

ನೆನಪಿರದೆ ಏನು? ರಜೆಯಲ್ಲಿ ಒಮ್ಮೆ ಮನೆಗೆ ಬಂದು, ಅಟ್ಟದ ರೊಟ್ಟಿಯನ್ನೆಲ್ಲ ಖಾಲಿ ಮಾಡಿ, "ಅತ್ತಿಗಿ, ಇನ್ನೊಂದು ಇದ್ರ ಕೊಡ್ರಿ" ಎಂದು ಕೇಳಿದ ಹುಡುಗ. ಯುದ್ಧದಲ್ಲಿ ತೀರಿಕೊಂಡನೆಂದು ಅವಳಿಗೆ ಗೊತ್ತಿತ್ತು. ಹೇಗೆಂದು ಕೇಳಿದಾಗೆಲ್ಲ ಗಂಡ ಬೇರೆ ಮಾತು ತೆಗೆಯುತ್ತಿದ್ದ.

"ಅವನೂ ನಿನ್ನಂಗ. ಕೈ ಬಾಳ ಅಚ್ಚುಕಟ್ಟು. ಬಲಿಗೆ ಚಿಂದಿ ಕಟ್ಟಿದ್ರ ಸಾಲು ತಪ್ಪುತ್ತಿದ್ದಿಲ್ಲ. ಬಿಚ್ಚಲೇ ಓಬಳೇಶ, ಮ್ಯಾಲಿಂದ ಗೆರಿ ಕಾಣ್ತಾವ ಅಂದೆ. ದಣಿವಾಗೈತಣ್ಣ, ನಾಳಿ ಬಿಚ್ತೀನಿ ಅಂದ. ಕಬ್ಬಿನ ಹೊಲದಂಚಿಗೆ ನಂದು ಒಂದು ಲಾರಿ, ಬಾಜೂಕ ಅವಂದು. ಮುಂಜಾನೆ ವಿಮಾನ ಬಂತು. ನನ್ನ ಲಾರಿ ಮ್ಯಾಲೆ ಹಾರಿ ಹೋತು ದ್ಯಾಮಿ. ನನ್ನ ನೋಡಲೇ ಇಲ್ಲ."

ಜೋಗಪ್ಪನ ಅಂಗಡಿಯಲ್ಲಿ ದಿನಾ ಅಷ್ಟೊಂದು ಕಥೆ ಹೇಳುವವನು ಈ ಒಂದನ್ನು ಯಾರಿಗೂ ಹೇಳಿರಲಿಲ್ಲ. ದ್ಯಾಮಕ್ಕ ತಾನು ಕಟ್ಟಿದ ಸಾಲುಗಳನ್ನು ಒಂದೊಂದಾಗಿ ಬಿಚ್ಚಿದಳು. ಮತ್ತೆ ಕಟ್ಟತೊಡಗಿದಳು. ಕಣ್ಣಲ್ಲಿ ನೀರು ತುಂಬಿ ಬಲೆ ಕಾಣುತ್ತಿರಲಿಲ್ಲ, ಬೆರಳು ಲೆಕ್ಕ ತಪ್ಪುತ್ತಿತ್ತು, ನಾರು ಜಾರುತ್ತಿತ್ತು. ಹೊತ್ತು ಮುಳುಗುವ ವೇಳೆಗೆ ಮುಗಿಯಿತು. ಹುಲುಗಪ್ಪ ಎದ್ದು ನೋಡಿದ. ಯಾವ ಜಗಳಕ್ಕೂ ಅಂಥ ಗಂಟು ಬಿದ್ದಿರಲಿಲ್ಲ.

ಆ ಸಂಜೆ ಮೈಲಮ್ಮನ ಎಮ್ಮೆ ಹೊತ್ತು ಮೀರಿದ್ದಕ್ಕೆ ಒದರಿ ಒದರಿ ಓಣಿ ಎಬ್ಬಿಸಿತು.

ಮರುದಿನ ಪ್ರದರ್ಶನದ ಮೈದಾನದಲ್ಲಿ ಬಾವುಟ ಹಾರಿತು, ಭಾಷಣಗಳಾದವು. ಜೋಗಪ್ಪ ಅಂಗಡಿಗೆ ಬೀಗ ಹಾಕಿ ತನ್ನ ಗಿರಾಕಿಗಳನ್ನೆಲ್ಲ ಕಟ್ಟಿಕೊಂಡು ಬಂದಿದ್ದ. ಮರದ ದೊಡ್ಡ ತಟ್ಟೆಯಲ್ಲಿ ಕೆಂಪು ಮಣ್ಣು, ಅಲ್ಲಲ್ಲಿ ಕಲ್ಲು, ಕುರುಚಲು, ನಡುವೆ ಜಾಲಿಯ ಕೊಂಬೆ ನೆಟ್ಟು ಮಾಡಿದ ಒಂದು ಗಿಡ. ಅದರಲ್ಲಿ ಲಾರಿ ಎಲ್ಲಿದೆ ಎಂದು ಅಷ್ಟೂ ಜನ ಕಣ್ಣು ಕಿರಿದು ಮಾಡಿ ನೋಡಿದರು. "ಲೇ, ಇಟ್ಟಾನೋ ಇಲ್ಲೋ ಇವ?" ಎಂದು ಜೋಗಪ್ಪ ಪಿಸುಗುಟ್ಟಿದ. ದ್ಯಾಮಕ್ಕ ಸೆರಗು ಬಾಯಿಗೆ ಹಿಡಿದು ಹಿಂದೆ ನಿಂತಿದ್ದಳು.

ಮೇಜರ್ ಸಾಹೇಬರು ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಹತ್ತು ಹೆಜ್ಜೆ ದೂರದಲ್ಲಿ ನಿಂತು, ಕನ್ನಡಕ ಸರಿಮಾಡಿಕೊಂಡು, ಒಂದು ಸಲ ನೋಡಿದರು.

"ಗಿಡದ ಎಡಗಡೆ" ಎಂದರು.

ಜೋಗಪ್ಪನ ಗುಂಪು ಶಿಳ್ಳೆ ಹೊಡೆಯಿತು. ಕಥೆ ಮುಗಿಯಿತು, ಇನ್ನು ಬಾಯಿ ಮುಚ್ಚಿಕೊಂಡು ಚಹಾ ಕುಡಿಯುವುದಷ್ಟೇ ತನ್ನ ಹಣೆಬರಹ ಎಂದು ಹುಲುಗಪ್ಪ ತಲೆ ತಗ್ಗಿಸಿದ. ಅಷ್ಟರಲ್ಲಿ ಸಾಹೇಬರು ಹತ್ತಿರ ಬಂದು, ಮೊಣಕಾಲೂರಿ, ಬೆರಳಿನಿಂದ ಬಲೆಯ ಅಂಚು ಹುಡುಕುತ್ತಿದ್ದರು. ಸಿಗಲಿಲ್ಲ.

"ಬಲೆ ಎಲ್ಲಿ ಮುಗಿಯುತ್ತೆ, ನೆಲ ಎಲ್ಲಿ ಶುರುವಾಗುತ್ತೆ, ಗೊತ್ತೇ ಆಗ್ತಿಲ್ಲವಲ್ಲ ಹುಲುಗಪ್ಪ!"

"ಮತ್ತ ಹೆಂಗ ಕಂಡ್ರಿ ಸಾಬ್?"

"ಲಾರಿ ಎಲ್ಲಿ ಕಂಡೆ? ನೀನು ಸರ್ವಿಸ್ಸಿನಲ್ಲಿ ಇರೋ ತನಕ ಗಿಡದ ಎಡಕ್ಕೇ ನಿಲ್ಲಿಸ್ತಿದ್ದೆ. ನಾನು ಗುಡ್ಡದ ಮೇಲಿಂದ ಗಿಡ ಹುಡುಕ್ತಿದ್ದೆ, ಅಷ್ಟೇ."

"ಅಂದ್ರ ಗೊತ್ತಿತ್ತಾ? ಒಂದಿನಾನೂ ಹೇಳ್ಲಿಲ್ಲಲ್ರಿ!"

"ಬಲೆಯಲ್ಲಿ ತಪ್ಪಿರಲಿಲ್ಲ, ಏನಂತ ಬೈಯಲಿ? ಶತ್ರುಗಳಿಗೆ ನಿನ್ನ ಪರಿಚಯ ಬೇರೆ ಇರಲಿಲ್ಲ." ಸಾಹೇಬರ ಬೆರಳು ಲಾರಿಯ ಮೂತಿಯ ಮೇಲೆ ಬಂದು ನಿಂತಿತು. "ಇದು ನಿನ್ನ ಕೈ ಅಲ್ಲ. ಯಾರು ಕಟ್ಟಿದ್ದು?"

ಹುಲುಗಪ್ಪ ಹಿಂದಕ್ಕೆ ತಿರುಗಿ ತೋರಿಸಿದ. ಸಾಹೇಬರು ದ್ಯಾಮಕ್ಕನಿಗೆ ಕೈ ಮುಗಿದು, ಇಷ್ಟು ನಿಜವಾಗಿ ಹೇಗೆ ಕಟ್ಟಿದಿರಿ ತಾಯಿ ಎಂದು ಕೇಳಿದರು.

"ಜಗಳಾಡಿಕೋತ ಕಟ್ಟೀನ್ರಿ" ಎಂದಳು ದ್ಯಾಮಕ್ಕ. ಮೈದಾನ ನಕ್ಕಿತು. "ಆ ಮೂಲಿ ಮಾತ್ರ ಹಂಗಲ್ರಿ" ಎಂದು ಅವಳು ಸೇರಿಸಿದ್ದು ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ, ಹುಲುಗಪ್ಪನೊಬ್ಬನನ್ನು ಬಿಟ್ಟು.

ಮಾತು ಎಂದರೆ ಮಾತು. ಅಂದಿನಿಂದ ಹುಲುಗಪ್ಪ ಜೋಗಪ್ಪನ ಅಂಗಡಿಯಲ್ಲಿ ಯುದ್ಧದ ಸುದ್ದಿ ಎತ್ತಲಿಲ್ಲ. ಬರುವನು, ಚಹಾ ಕುಡಿಯುವನು, ರಸ್ತೆ ನೋಡುವನು. ಕೆಲವೇ ದಿನಗಳಲ್ಲಿ ಅಂಗಡಿಗೆ ಹುಚ್ಚು ಹಿಡಿಯುವ ಹಾಗಾಯಿತು. "ಏನಾರ ಹೇಳಲೇ ಮಾರಾಯಾ, ನಾನ ಸೋತೆ ಅಂತ ತಿಳಕೋ" ಎಂದು ಜೋಗಪ್ಪ ಗಂಟುಬಿದ್ದ. "ನಿನ್ನ ಅಂಗಡ್ಯಾಗ ಹೇಳಂಗಿಲ್ಲ ಅಂದೀನಿ. ಕೇಳಬೇಕಂದ್ರ ಮನಿಗೆ ಬಾ" ಎಂದ ಹುಲುಗಪ್ಪ. ಜೋಗಪ್ಪ ನಿಜಕ್ಕೂ ಒಂದು ಸಂಜೆ ಹೋದ. ಓಬಳೇಶನ ಕಥೆ ಕೇಳಿ ಬಂದ ಮೇಲೆ 'ಕಾಣದ ಹವಾಲ್ದಾರ' ಎಂದು ಅವನ ಅಂಗಡಿಯಲ್ಲಿ ಯಾರೂ ಅನ್ನಲಿಲ್ಲ.

ಇಷ್ಟೆಲ್ಲ ಆದದ್ದು ಆಮೇಲೆ. ಪ್ರದರ್ಶನದ ದಿನ ಸಂಜೆ ಇಬ್ಬರೂ ತಟ್ಟೆಯನ್ನು ಎತ್ತಿಕೊಂಡು ಮನೆಗೆ ಬಂದು ಕಿಟಕಿಯ ಕೆಳಗೆ ಇಟ್ಟರು. ಹುಲುಗಪ್ಪ ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ದ್ಯಾಮಕ್ಕ ಲಾರಿಯ ಮೇಲೆ ಗೇಣುದ್ದದ ಮಲ್ಲಿಗೆ ಮಾಲೆ ಹಾಕಿದ್ದಳು. ಅಷ್ಟು ಕಷ್ಟಪಟ್ಟು ಅಡಗಿಸಿದ್ದ ಲಾರಿ ಬಾಗಿಲಿಂದಲೇ ಬೆಳ್ಳಗೆ ಕಾಣುತ್ತಿತ್ತು.

"ಏ ಏ, ಕಾಣ್ತೈತಿ! ತೆಗಿ ಅದನ್ನ!"

"ಕಂಡ್ರ ಕಾಣ್ಲಿ ಬಿಡ್ರಿ. ಯುದ್ಧ ಮುಗದೈತಿ."

ಅವಳ ಕೈಯಲ್ಲಿ ಅಷ್ಟೇ ಉದ್ದದ ಇನ್ನೊಂದು ಮಾಲೆ ಇತ್ತು. ಅದು ಯಾಕೆಂದು ಹುಲುಗಪ್ಪ ಕೇಳುವ ಮೊದಲೇ, ಲಾರಿಯ ಪಕ್ಕದ ಖಾಲಿ ಮಣ್ಣಿನ ಮೇಲೆ ಅದನ್ನು ಮೆಲ್ಲಗೆ ಇಟ್ಟಳು. "ಇದು ಬಾಜೂಕ ನಿಂತಿದ್ದ ಲಾರಿಗೆ" ಎಂದಳು.

ಹುಲುಗಪ್ಪ ಬಗ್ಗಿ ಆ ಮಾಲೆಯನ್ನು ಬಹಳ ಹೊತ್ತು ನೋಡಿದ. ಹೂವಿಗೂ ಹೂವಿಗೂ ಒಂದೇ ಅಂತರ, ಒಂದು ಗಂಟೂ ಸಾಲು ತಪ್ಪಿರಲಿಲ್ಲ.

"ಚೆಂದ ಐತಿ" ಎಂದ.